ಜಕ್ಕಿಯಬ್ಬೆಗೆ ಕಾಯಿಲೆ ಬಂದಾಗ

ಶಾಸನ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಹೈಸ್ಕೂಲಿನ ಒಂದು ಅಂಕದ ಪ್ರಶ್ನೆ. ಹಲ್ಮಿಡಿ ಶಾಸನದ ಕಾಲ ಯಾವುದು? ಬಾದಾಮಿಯಲ್ಲಿ ಕಪ್ಪೆ ಅರಭಟ್ಟನ ಶಾಸನ ಎಲ್ಲಿದೆ? ಉತ್ತರ ಬರೆದು ಎದ್ದು ಬಂದರೆ ಶಾಸನದ ಸಹವಾಸ ಅಲ್ಲಿಗೆ ಮುಗೀತು. ಆಮೇಲೆ ಪಿಯುಸಿ, ಸಿಇಟಿ, ಎಂಜಿನಿಯರಿಂಗು, ಬೆಂಗಳೂರು, ಕಂಪನಿ... ಕಲ್ಲಿನ ಮೇಲೆ ಬರೆದದ್ದನ್ನು ಓದುವುದಕ್ಕೆ ಯಾರಿಗೆ ಪುರುಸೊತ್ತಿದೆ?

ಆದರೆ ಸೊರಬ, ಶಿಕಾರಿಪುರದ ಕಡೆಯವರಿಗೆ ಈ ಕಲ್ಲುಗಳಿಂದ ತಪ್ಪಿಸಿಕೊಳ್ಳುವುದು ಸ್ವಲ್ಪ ಕಷ್ಟ. ಕೆರೆ ಏರಿ ಮೇಲೆ ಒಂದು, ಗದ್ದೆ ಬದುವಿನಲ್ಲಿ ಒಂದು, ಈಶ್ವರ ದೇವಸ್ಥಾನದ ಹಿಂದೆ ಮುತ್ತುಗದ ಬುಡದಲ್ಲಿ ನಾಲ್ಕು. ಕೆಲವಕ್ಕೆ ವರ್ಷಕ್ಕೊಮ್ಮೆ ಕುಂಕುಮ, ಕೆಲವಕ್ಕೆ ದಿನಾ ಎಮ್ಮೆ ಮೈ ಉಜ್ಜುವ ಭಾಗ್ಯ. ಬಿ. ಎಲ್. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ (1902), ಸೊರಬದ್ದನ್ನು 8ನೇ ಸಂಪುಟದಲ್ಲಿ (1904) ಪ್ರಕಟಿಸಿದರು. ಎರಡೂ ತಾಲ್ಲೂಕಿನದು ಸೇರಿದರೆ ನೂರಾರು. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಬರವಣಿಗೆ! ನಮ್ಮ ಹಿರಿಯರಿಗೆ ಬರೆಯುವ ಚಟ ಇತ್ತು ಅಂತ ನಾನು ತಮಾಷೆ ಮಾಡ್ತಿರ್ತೇನೆ.

ಈ ಚಟದ ಒಂದು ತುಣುಕಿನ ಬಗ್ಗೆ ಇವತ್ತು ಬರೀಬೇಕು ಅನ್ನಿಸಿದೆ. ವಾಸಿಯಾಗದ ಕಾಯಿಲೆ ಬಂದ ಒಬ್ಬ ಹೆಂಗಸಿನ ಬಗ್ಗೆ ಇರುವ ಕಲ್ಲು ಅದು. ಕಾಲ ಹತ್ತನೇ ಶತಮಾನ. ಊರು ಬಂದಳಿಕೆ, ಈಗಿನ ಶಿಕಾರಿಪುರ ತಾಲ್ಲೂಕು. ಹೆಸರು ಜಕ್ಕಿಯಬ್ಬೆ.

ಮೊದಲು ಆಗಿನ ವ್ಯವಸ್ಥೆ ಸ್ವಲ್ಪ ಹೇಳಿಬಿಡ್ತೇನೆ, ಇಲ್ಲದಿದ್ದರೆ ಅವಳು ಯಾರು ಅಂತ ಗೊತ್ತಾಗಲ್ಲ. ಆಗ ಮೇಲೆ ರಾಷ್ಟ್ರಕೂಟರ ಅರಸ ಅಕಾಲವರ್ಷ ಕನ್ನರದೇವ, ಅಂದರೆ ಇತಿಹಾಸದ ಪುಸ್ತಕದ ಎರಡನೇ ಕೃಷ್ಣ. ಅವನ ಕೆಳಗೆ ಬನವಾಸಿ ಪನ್ನಿರ್ಚ್ಛಾಸಿರ, ಅಂದರೆ ಬನವಾಸಿ ಹನ್ನೆರಡು ಸಾವಿರ ಅನ್ನುವ ದೊಡ್ಡ ಪ್ರಾಂತ್ಯ. ಅದನ್ನು ಆಳುತ್ತಿದ್ದವನು ಮಹಾಸಾಮಂತ ಕಲಿವಿಟ್ಟರಸ. ಆ ಪ್ರಾಂತ್ಯದೊಳಗೆ ನಾಗರಖಂಡ ಎಪ್ಪತ್ತು ಅನ್ನುವ ನಾಡು. ಇವತ್ತಿನ ಶಿಕಾರಿಪುರ, ಸೊರಬ ತಾಲ್ಲೂಕಿನ ಹಳ್ಳಿಗಳು ಆ ನಾಡಿನಲ್ಲಿದ್ದವು. ನಾಡಿಗೆ ಒಬ್ಬ ನಾಳ್ಗಾವುಂಡ. ತೆರಿಗೆ ಎತ್ತುವುದು, ಜಗಳ ತೀರಿಸುವುದು, ಕೆರೆ ಗದ್ದೆ ದಾನ ದತ್ತಿಗಳಿಗೆ ಸಾಕ್ಷಿಯಾಗುವುದು, ದಂಡು ಬಂದರೆ ಎದುರು ನಿಲ್ಲುವುದು ಎಲ್ಲ ಅವನ ತಲೆ ಮೇಲೆ. ಈಗಿನ ತಹಸೀಲ್ದಾರ್, ಸರ್ಕಲ್ ಇನ್ಸ್‌ಪೆಕ್ಟರ್, ಊರಿನ ದೊಡ್ಡ ಗೌಡ ಮೂರನ್ನೂ ಕಲಸಿದರೆ ಹೆಚ್ಚು ಕಡಿಮೆ ಸರಿಹೋಗಬಹುದು.

911ರ ಸುಮಾರಿಗೆ ನಾಗರಖಂಡದ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡ. ಅವನ ಹೆಂಡತಿ ಜಕ್ಕಿಯಬ್ಬೆ. ಇದೇ ಸೀಮೆಯಲ್ಲಿ ಎಷ್ಟು ಮಾಸ್ತಿಕಲ್ಲುಗಳಿವೆ ಅಂತ ನೋಡಿದವರಿಗೆ ಗೊತ್ತು. ಕಂಬದಿಂದ ಹೊರಬಂದ ತೋಳು, ತೋಳಿನಲ್ಲಿ ಬಳೆ, ಅಷ್ಟೇ ಅವಳ ವಿಳಾಸ. ಗಂಡ ಸತ್ತ, ಅವಳು ಬೆಂಕಿಗೆ ಬಿದ್ದಳು. ಅನೇಕ ಕಲ್ಲುಗಳಲ್ಲಿ ಹೆಸರೂ ಇಲ್ಲ. ಆದರೆ ನಾಗಾರ್ಜುನ ಸತ್ತಾಗ ಹಾಗಾಗಲಿಲ್ಲ. ನಾಳ್ಗಾವುಂಡನ ಹುದ್ದೆಯನ್ನೇ ಜಕ್ಕಿಯಬ್ಬೆಗೆ ಕೊಡಲಾಯಿತು. ಮಗ ದೊಡ್ಡವನಾಗುವ ತನಕ ನೋಡಿಕೊಳ್ಳುವ ತಾತ್ಕಾಲಿಕ ಏರ್ಪಾಡಾಗಿ ಅಲ್ಲ, ಅವಳ ಹೆಸರಿಗೇ.

ಅವಳು ಏಳು ವರ್ಷದ ಹತ್ತಿರ ಆಳಿದಳು. ದೇವಾಲಯಕ್ಕೆ ಗದ್ದೆ ಬಿಟ್ಟ ವಿಚಾರ ಶಾಸನದಲ್ಲಿದೆ. ಆಡಳಿತದ ಸಾಮರ್ಥ್ಯವುಳ್ಳವಳು, ಜಿನಶಾಸನದಲ್ಲಿ ಭಕ್ತಿಯುಳ್ಳವಳು, ರೂಪವತಿ, ಹೆಣ್ಣಾಗಿದ್ದರೂ ತನ್ನ ಪರಾಕ್ರಮದಿಂದಲೇ ನಾಗರಖಂಡವನ್ನು ಕಾಪಾಡಿದವಳು ಅಂತೆಲ್ಲ ಹೊಗಳಿಕೆ ಇದೆ. ಆ 'ಹೆಣ್ಣಾಗಿದ್ದರೂ' ಅನ್ನೋದನ್ನು ಓದಿ ನನಗೆ ನಗು ಬಂತು. ಸಾವಿರದ ನೂರು ವರ್ಷ ಆದಮೇಲೂ ನಮ್ಮ ಪತ್ರಿಕೆಗಳು ಈ ಪದವನ್ನು ಬಿಟ್ಟಿಲ್ಲ ನೋಡಿ.

ಆಮೇಲೆ ಕಾಯಿಲೆ.

ಶಾಸನದಲ್ಲಿ ಅದಕ್ಕೆ ಸಿಕ್ಕಿರುವುದು ಒಂದೇ ಮಾತು. ದೇಹಕ್ಕೆ ವ್ಯಾಧಿ ಹೊಕ್ಕಿತು, ಅಷ್ಟೇ. ಯಾವ ವ್ಯಾಧಿ, ಎಷ್ಟು ದಿನ, ಯಾವ ವೈದ್ಯ, ಎಷ್ಟು ನರಳಿದಳು, ಒಂದೂ ಇಲ್ಲ. ಕೂಡಲೇ ವಾಕ್ಯ ಮತ್ತೆ ಜಕ್ಕಿಯಬ್ಬೆಯ ಕೈಗೆ ಬರುತ್ತದೆ. ಲೋಕದ ಭೋಗ ಇನ್ನು ಸಪ್ಪೆ ಅಂತ ಅವಳು ತೀರ್ಮಾನ ಮಾಡುತ್ತಾಳೆ. ಮಗಳನ್ನು ಕರೆಸುತ್ತಾಳೆ. ತನ್ನದನ್ನೆಲ್ಲ ಅವಳಿಗೆ ಒಪ್ಪಿಸುತ್ತಾಳೆ. ಆಸೆಯ ಸಂಕೋಲೆ ಕಳಚಿಕೊಳ್ಳುತ್ತಾಳೆ. ಬಂದನಿಕೆಯ ತೀರ್ಥಕ್ಕೆ ಬಂದು (ಬಂದಳಿಕೆಯ ಹಳೇ ಹೆಸರು ಬಂದನಿಕೆ) ಅಲ್ಲಿನ ಬಸದಿಯಲ್ಲಿ ವ್ರತ ಹಿಡಿದು ಮುಡಿಪುತ್ತಾಳೆ. ಇದು 918ರ ಹೊತ್ತಿಗೆ.

ನಾನು ಮೊದಲ ಸಲ ಇದನ್ನು ಓದಿದಾಗ ಹೊಳೆದದ್ದು ಒಂದು ವ್ಯಾಕರಣದ ವಿಷಯ. ಕೋಡ್ ಓದಿ ಓದಿ ಬಂದ ಅಭ್ಯಾಸ ಇರಬೇಕು, ಯಾವ ಕೆಲಸವನ್ನು ಯಾರು ಮಾಡ್ತಿದ್ದಾರೆ ಅಂತಲೇ ಮೊದಲು ನೋಡ್ತೇನೆ. ಆ ಕೊನೆಯ ಭಾಗದಲ್ಲಿ ಕಾಯಿಲೆ ಕರ್ತೃವಾಗಿರುವುದು ಒಂದೇ ಒಂದು ಕ್ರಿಯಾಪದಕ್ಕೆ, 'ಹೊಕ್ಕಿತು'. ಉಳಿದ ಕ್ರಿಯಾಪದಗಳೆಲ್ಲ ಜಕ್ಕಿಯಬ್ಬೆಯವು. ಅವಳನ್ನು ಕರೆದುಕೊಂಡು ಹೋದರು, ಅವಳಿಗೆ ಹೀಗೆ ಮಾಡಿಸಿದರು ಅಂತ ಇಲ್ಲ. ಅವಳು ಕರೆಸಿದಳು, ಅವಳು ಒಪ್ಪಿಸಿದಳು, ಅವಳು ಬಿಟ್ಟಳು.

ನಾವು ಈಗ ಮಾತಾಡೋದು ಹೇಗೆ ಅಂತ ಯೋಚಿಸಿ. 'ಅವರಿಗೆ ಕ್ಯಾನ್ಸರ್ ಅಂತೆ' ಅಂತ ಒಬ್ಬರು ಹೇಳಿದ ಕ್ಷಣದಿಂದ ಆ ಮನುಷ್ಯನ ಬೇರೆಲ್ಲ ವಿಶೇಷಣಗಳೂ ಬಿದ್ದುಹೋಗುತ್ತವೆ. ಆಮೇಲೆ ಕ್ರಿಯಾಪದವೆಲ್ಲ ಇನ್ನೊಬ್ಬರದ್ದು: ಅಡ್ಮಿಟ್ ಮಾಡಿದರು, ಕೀಮೋ ಕೊಡಿಸಿದರು, ಮನೆಗೆ ಕಳಿಸಿದರು.

ನನ್ನ ದೊಡ್ಡಮ್ಮನ ವಿಷಯದಲ್ಲಿ ಇದನ್ನು ಹತ್ತಿರದಿಂದ ನೋಡಿದೆ. ಸೊರಬದ ಕಡೆಯ ಹಳ್ಳಿಗಳಲ್ಲಿ ಮೂವತ್ತೊಂದು ವರ್ಷ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದವರು. ಸಂತೆಗೆ ಹೋದರೆ ತರಕಾರಿಯವನಿಂದ ಹಿಡಿದು ಬಸ್ ಕಂಡಕ್ಟರ್ ತನಕ 'ಅಕ್ಕೋರೇ' ಅಂತ ನಿಲ್ಲಿಸಿ ಮಾತಾಡಿಸೋರು. ಕಾಯಿಲೆ ಗೊತ್ತಾದ ಮೇಲೆ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಅವರು ಫೈಲಿನ ಮೇಲಿನ ಒಂದು ನಂಬರು. ಡಾಕ್ಟರು ದೊಡ್ಡಪ್ಪನ ಹತ್ತಿರ ಮಾತಾಡ್ತಾರೆ, ನನ್ನ ಹತ್ತಿರ ಮಾತಾಡ್ತಾರೆ (ಇಂಗ್ಲಿಷ್ ಬರುತ್ತೆ ಅಂತ), ಎದುರಿಗೆ ಕೂತ ದೊಡ್ಡಮ್ಮನ ಹತ್ತಿರ ಮಾತ್ರ ಇಲ್ಲ. 'ಪೇಶೆಂಟಿಗೆ ಎಲ್ಲಾ ಹೇಳಬೇಡಿ' ಅಂತ ಸಲಹೆ ಬೇರೆ. ಊರಿಗೆ ವಾಪಸ್ ಬಂದರೆ ನೆಂಟರು ಸಾಲಾಗಿ ಬಂದು ಪಿಸುಗುಟ್ಟಿ ಹೋಗೋರು. ಒಂದು ದಿನ ದೊಡ್ಡಮ್ಮ ಒಳಗಿನಿಂದಲೇ ಕೂಗಿದರು: "ನಂಗೆ ಕಿವಿ ಸರಿ ಇದೆ. ಮಾತಾಡೂದಾದ್ರೆ ಇಲ್ಲಿ ಬಂದು ಕೂತ್ಕಂಡು ಮಾತಾಡಿ."

ಅದಾಗಿ ಎರಡು ದಿನಕ್ಕೆ ನನ್ನ ಹತ್ತಿರ ಒಂದು ಉದ್ದದ ನೋಟ್‌ಬುಕ್ ತರಿಸಿದರು. ಇನ್ನೂರು ಪುಟದ್ದು, ಗೆರೆ ಇರೋದು, ಬೈಂಡು ಗಟ್ಟಿ ಇರೋದೇ ಬೇಕು ಅಂತ. ಬರೆಯೋಕೆ ಶುರು ಮಾಡಿದರು. ಆತ್ಮಕಥೆ ಇರಬಹುದು ಅಂತ ನಾನು ಅಂದುಕೊಂಡಿದ್ದೆ. ಮೊದಲ ಪುಟದಲ್ಲಿ ಇದ್ದದ್ದು ಸರ್ವಿಸ್ ರಿಜಿಸ್ಟರಿನ ಥರ: ಪೂರ್ತಿ ಹೆಸರು, ಸಹಶಿಕ್ಷಕಿ, ಯಾವ ಶಾಲೆ, ಯಾವ ತಾರೀಕಿನಿಂದ ಯಾವ ತಾರೀಕಿನ ತನಕ. ಆಮೇಲೆ ಒಂದೊಂದು ಶಾಲೆಯ ಮಕ್ಕಳ ಹೆಸರು, ನೆನಪಿದ್ದಷ್ಟು. ಯಾರು ಲೆಕ್ಕದಲ್ಲಿ ಚುರುಕು, ಯಾರು ಮಳೆಗಾಲದಲ್ಲಿ ಹಳ್ಳ ದಾಟಿ ಬರ್ತಿದ್ದರು, ಯಾವ ಹುಡುಗಿಯನ್ನು ಏಳನೇ ಕ್ಲಾಸಿಗೇ ಬಿಡಿಸಿದರು. ಆಮೇಲೆ ಮನೆ: ಅಡಿಕೆ ತೋಟದ ಲೆಕ್ಕ, ಯಾರಿಗೆ ಕೈಗಡ ಕೊಟ್ಟಿದೆ, ಅಪ್ಪೆಮಿಡಿಯ ಉಪ್ಪಿನಕಾಯಿಗೆ ಉಪ್ಪಿನ ಅಳತೆ, ಬಾವಿ ಪಂಪಿನ ಬಿಲ್ಲು ಯಾವ ಡಬ್ಬದಲ್ಲಿದೆ. ಕಾಯಿಲೆಯ ಪ್ರಸ್ತಾಪ ಹದಿನಾಲ್ಕನೇ ಪುಟದಲ್ಲಿ, ಒಂದೇ ಸಾಲು. ಕೈ ನಡುಗಲು ಶುರುವಾದ ಮೇಲೆ ಅವರು ಹೇಳೋದು, ಮಗಳು ಬರೆಯೋದು. ಆದರೆ ಪ್ರತಿ ಪುಟದ ಕೆಳಗೆ ಸಹಿ ದೊಡ್ಡಮ್ಮನದೇ, ಕೊನೆಕೊನೆಗೆ ಅದು ಬರೀ ಗೆರೆಯಾಗಿತ್ತು. ಮುಗಿದ ದಿನ ಬೀರುವಿನ ಬೀಗದ ಕೈಯನ್ನೂ ಪುಸ್ತಕವನ್ನೂ ಮಗಳ ಕೈಗೆ ಕೊಟ್ಟರು. ದೊಡ್ಡಪ್ಪ ಪಕ್ಕದಲ್ಲೇ ನಿಂತಿದ್ದರು, ಏನೂ ಹೇಳಲಿಲ್ಲ.

ನೋಟ್‌ಬುಕ್ ಶುರುವಾದ ಮೇಲೆ ಮನೆಗೆ ಬಂದ ಜನರ ಮಾತು ಬದಲಾಯ್ತು. 'ಹೇಗಿದೀರಿ' ಅನ್ನೋದು ಹೋಗಿ 'ಅಕ್ಕೋರೇ, ನನ್ನ ಹೆಸರು ಬರ್ದ್ರಾ?' ಅಂತ ಕೇಳೋಕೆ ಶುರು ಮಾಡಿದರು. ಐವತ್ತು ದಾಟಿದ ಒಬ್ಬರು ತಮ್ಮ ಹೆಸರಿನ ಮುಂದೆ 'ಚೇಷ್ಟೆ' ಅಂತ ಬರೆದಿರೋದನ್ನು ನೋಡಿ ಎಷ್ಟು ಖುಷಿಪಟ್ಟರು ಅಂದರೆ!

ಇರಲಿ, ಬಂದಳಿಕೆಗೆ ವಾಪಸ್ ಬರೋಣ. ಒಂದು ಅನುಮಾನ ನಿಮಗೂ ಬಂದಿರಬಹುದು. ಜಕ್ಕಿಯಬ್ಬೆಯ ಶಾಸನವನ್ನು ಜಕ್ಕಿಯಬ್ಬೆ ಬರೆಯಲಿಲ್ಲವಲ್ಲ, ಬೇರೆಯವರು ಬರೆಸಿ ನಿಲ್ಲಿಸಿದ್ದು. ಸತ್ತವರನ್ನು ಹೊಗಳುವುದು ಲೋಕರೂಢಿ, ಅದರಲ್ಲೇನು ವಿಶೇಷ ಅಂತ. ಮಾತು ಸರಿ. ಹಾಗಾಗಿ ಆ ಕಾಲದಲ್ಲಿ ಇಂಥ ಸಾವಿನ ಬಗ್ಗೆ ಜನ ಹೇಗೆ ಯೋಚಿಸುತ್ತಿದ್ದರು ಅಂತ ಸ್ವಲ್ಪ ನೋಡಬೇಕಾಗುತ್ತೆ.

ಜೈನರ ಸಲ್ಲೇಖನದ ಬಗ್ಗೆ ಎಲ್ಲರೂ ಉಲ್ಲೇಖಿಸುವ ಗ್ರಂಥ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ. ಯಾವಾಗ ಸಲ್ಲೇಖನ ಕೈಗೊಳ್ಳಬಹುದು ಅನ್ನುವುದಕ್ಕೆ ಅಲ್ಲಿ ನಾಲ್ಕು ಸಂದರ್ಭ ಹೇಳಿದೆ: ಉಪಸರ್ಗ, ಬರಗಾಲ, ಮುಪ್ಪು, ಕಾಯಿಲೆ. ಎಲ್ಲಕ್ಕೂ ಸೇರಿಸಿ ಒಂದು ಷರತ್ತು, ಅದು 'ನಿಃಪ್ರತೀಕಾರ'ವಾಗಿರಬೇಕು. ಅಂದರೆ ಇನ್ನು ಮದ್ದಿಲ್ಲ ಅನ್ನುವ ಹಂತ. ಈಗಿನ ಡಾಕ್ಟರುಗಳು 'ಟರ್ಮಿನಲ್' ಅನ್ನುತ್ತಾರಲ್ಲ, ಅದಕ್ಕೆ ಇಷ್ಟು ನೇರವಾದ ಪದ ನಮ್ಮಲ್ಲಿ ಆಗಲೇ ಇತ್ತು. ಮದ್ದಿದ್ದರೆ ಮದ್ದು ಮಾಡಬೇಕು. ಸಮಂತಭದ್ರರ ಬಗ್ಗೆಯೇ ಇರುವ ಐತಿಹ್ಯ ಕೇಳಿ: ಅವರಿಗೆ ಭಸ್ಮಕ ಅನ್ನುವ ರೋಗ ಬಂತಂತೆ, ಎಷ್ಟು ತಿಂದರೂ ಹಸಿವು ಇಂಗದ ರೋಗ. ಸಲ್ಲೇಖನಕ್ಕೆ ಅಪ್ಪಣೆ ಕೊಡಿ ಅಂತ ಗುರುಗಳನ್ನು ಕೇಳಿದರಂತೆ. ಗುರುಗಳು ಒಪ್ಪಲಿಲ್ಲ. ನಿನ್ನಿಂದ ಆಗಬೇಕಾದ ಕೆಲಸ ಬೇಕಾದಷ್ಟಿದೆ, ಮೊದಲು ರೋಗ ವಾಸಿ ಮಾಡಿಕೊಂಡು ಬಾ ಅಂದರಂತೆ. ಇನ್ನೊಂದು ಸಂಗತಿ, ಸಲ್ಲೇಖನದ ಅತಿಚಾರಗಳ ಪಟ್ಟಿಯಲ್ಲಿ, ಅಂದರೆ ವ್ರತವನ್ನು ಕೆಡಿಸುವ ದೋಷಗಳಲ್ಲಿ, ಬದುಕಬೇಕೆಂಬ ಹಂಬಲ ಹೇಗೋ ಹಾಗೆಯೇ ಬೇಗ ಸಾಯಬೇಕೆಂಬ ಹಂಬಲವೂ ಒಂದು. ಇದು ನನಗೆ ಬಹಳ ಸೂಕ್ಷ್ಮ ಅನ್ನಿಸ್ತು.

ಇನ್ನು ಒಬ್ಬರೇ ಮೂಲೆಯಲ್ಲಿ ಮಲಗಿ ಸಾಯುವ ವಿಚಾರವೂ ಅಲ್ಲ. ಶಿವಾರ್ಯರ (ಶಿವಕೋಟಿ ಅಂತಲೂ ಹೇಳ್ತಾರೆ) ಆರಾಧನಾ ಗ್ರಂಥದಲ್ಲಿ ಹೀಗೆ ಹೊರಟವರನ್ನು ನೋಡಿಕೊಳ್ಳಲು ನಲವತ್ತೆಂಟು ನಿರ್ಯಾಪಕರು ಇರಬೇಕು ಅಂತಿದೆ. ಎತ್ತಿ ಕೂರಿಸಲು ಕೆಲವರು, ಕಥೆ ಹೇಳಲು ಕೆಲವರು, ಬಾಗಿಲು ಕಾಯಲು ಕೆಲವರು. ನಮ್ಮ ಆಸ್ಪತ್ರೆಗಳ ಐಸಿಯುನಲ್ಲಿ ಒಬ್ಬರನ್ನು ಒಳಗೆ ಬಿಡಲು ಪಾಸ್ ಕೇಳ್ತಾರೆ.

ಮತ್ತೆ ಈ ಆರಾಧನೆಯ ಪರಂಪರೆಯಿಂದಲೇ ಬಂದದ್ದು ನಮ್ಮ ವಡ್ಡಾರಾಧನೆ! ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊಟ್ಟಮೊದಲ ಗದ್ಯ ಕಥೆಗಳ ಪುಸ್ತಕ. ಅದರ ಕಾಲವನ್ನು ಸಾಮಾನ್ಯವಾಗಿ 920ರ ಸುಮಾರು ಅಂತ ಹೇಳುತ್ತಾರೆ. ಜಕ್ಕಿಯಬ್ಬೆ ಹೋದದ್ದು 918. ಪಂಪ ಆಗ ಹದಿನಾರು ಹದಿನೇಳರ ಹುಡುಗ. ಕನ್ನಡ ಗದ್ಯ ಕಣ್ಣು ಬಿಡುತ್ತಿದ್ದ ಆ ಹೊತ್ತಿನಲ್ಲಿ ಅದು ಹೇಳಿದ ಹತ್ತೊಂಬತ್ತು ಕಥೆಗಳೂ ಸಾವನ್ನು ಎದುರಿಸಿದವರವು. ಅದರಲ್ಲಿ ಸನತ್ಕುಮಾರ ಚಕ್ರವರ್ತಿಯ ಕಥೆ ಕಾಯಿಲೆಯದೇ. ಮಹಾ ರೂಪವಂತ, ರೂಪವೇ ಅವನ ಗುರುತು. ಅದು ಕೆಡುವುದು ಕಂಡು ಎಲ್ಲ ಬಿಟ್ಟು ಹೊರಡುತ್ತಾನೆ, ಮೈತುಂಬಾ ರೋಗ ಬರುತ್ತದೆ. ದೇವತೆಗಳು ವೈದ್ಯರ ವೇಷದಲ್ಲಿ ಬಂದು ವಾಸಿ ಮಾಡ್ತೇವೆ ಅಂದರೆ, ಹುಟ್ಟು ಸಾವಿನ ರೋಗಕ್ಕೆ ಮದ್ದಿದ್ದರೆ ಕೊಡಿ ಅನ್ನುವ ಅರ್ಥದಲ್ಲಿ ಉತ್ತರ ಕೊಡುತ್ತಾನೆ. ಅವನ ವೈರಾಗ್ಯಕ್ಕಿಂತ, ರೋಗಿಯಾದ ಮೇಲೂ ಮಾತಿನ ಮೇಲುಗೈ ಅವನದೇ ಆಗಿರೋದು ನನಗೆ ಇಷ್ಟ.

ಇಂಥ ಸಾವುಗಳಿಗೆ ನಿಲ್ಲಿಸಿದ ಕಲ್ಲು ನಿಷಿಧಿ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಏಳನೇ ಶತಮಾನದ ಶಾಸನಗಳೇ ಇವೆ. 'ನೋನ್ತು ಮುಡಿಪ್ಪಿದಾರ್' ಅಂತ ಬರೆದಿರುತ್ತೆ, ವ್ರತ ಹಿಡಿದು ಮುಗಿಸಿದರು ಅಂತ. ನೋಂಪಿ, ಮುಡಿಪು ಎರಡೂ ಪದ ನಮ್ಮ ಮನೆಗಳಲ್ಲಿ ಇನ್ನೂ ಬದುಕಿವೆ. ಅದೇ ಬೆಟ್ಟದಲ್ಲಿ ರಾಷ್ಟ್ರಕೂಟರ ಕೊನೆಯ ಅರಸ ನಾಲ್ಕನೇ ಇಂದ್ರನ ಶಾಸನವೂ ಇದೆ. ಎರಡನೇ ತೈಲಪ 973ರಲ್ಲಿ ರಾಜ್ಯ ಕಸಿದುಕೊಂಡ. ಇಂದ್ರನನ್ನು ಪಟ್ಟಕ್ಕೆ ತರಲು ಹೋರಾಡಿದ ಗಂಗರ ಮಾರಸಿಂಹ ಬಂಕಾಪುರದಲ್ಲಿ ಸಲ್ಲೇಖನದಿಂದ ತೀರಿಕೊಂಡ. ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ. ರಾಜ್ಯ ಹೋದ ರಾಜನ ಮರಣಶಾಸನದಲ್ಲಿ ಏನಿರಬಹುದು? ಕುದುರೆಯ ಮೇಲೆ ಕೂತು ಚೆಂಡಾಟ ಆಡುವುದರಲ್ಲಿ ಅವನಿಗಿದ್ದ ಕೌಶಲದ ವರ್ಣನೆ! ಒಂದೆರಡು ಮಾತಲ್ಲ, ವಿಸ್ತಾರವಾಗಿಯೇ ಇದೆ. ಯಾರೋ ಅವನನ್ನು ಚೆನ್ನಾಗಿ ಬಲ್ಲವರು ಬರೆಸಿರಬೇಕು.

ದೂರದ ಒಂದು ಉದಾಹರಣೆಯನ್ನೂ ಹೇಳಿಬಿಡ್ತೇನೆ. ಸ್ಕಾಟ್‌ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ತನ್ನ ಕಾಯಿಲೆ ವಾಸಿಯಾಗದ್ದು ಅಂತ ಗೊತ್ತಾದ ಮೇಲೆ 1776ರ ಏಪ್ರಿಲ್‌ನಲ್ಲಿ ಕೆಲವೇ ಪುಟಗಳ 'ನನ್ನ ಸ್ವಂತ ಜೀವನ' ಬರೆದ. ಹೆಚ್ಚಿನದು ಅವನ ಪುಸ್ತಕಗಳ ವಿಷಯ, ಯಾವುದು ಮಾರಾಟ ಆಯ್ತು, ಯಾವುದು ಆಗಲಿಲ್ಲ. ಕಾಯಿಲೆ ಕೊನೆಯಲ್ಲಿ ಚೂರು ಬರುತ್ತದೆ. ತನ್ನನ್ನು ತಾನೇ ಭೂತಕಾಲದಲ್ಲಿ ವರ್ಣಿಸಿಕೊಂಡಿದ್ದಾನೆ. ಆಗಸ್ಟ್‌ನಲ್ಲಿ ತೀರಿಕೊಂಡ. ನರವೈದ್ಯ ಆಲಿವರ್ ಸ್ಯಾಕ್ಸ್ 2015ರಲ್ಲಿ ತನಗೆ ಕ್ಯಾನ್ಸರ್ ಹರಡಿದೆ ಅಂತ ತಿಳಿದಾಗ ಪತ್ರಿಕೆಗೆ ಬರೆದ ಲೇಖನಕ್ಕೆ ಹ್ಯೂಮನ ಅದೇ ಶೀರ್ಷಿಕೆ ಇಟ್ಟರು. ನಮ್ಮ ನಾಗರಖಂಡದಲ್ಲಿ ಕಾಗದ ಇರಲಿಲ್ಲ, ಕಲ್ಲಿತ್ತು ಅಷ್ಟೇ ವ್ಯತ್ಯಾಸ.

ಕಲ್ಲು ಬರೀ ಅಧಿಕಾರಿಗಳಿಗೂ ರಾಜರಿಗೂ ಸಿಕ್ಕಿತು ಅಂತಲೂ ಇಲ್ಲ. ಸೊರಬ ತಾಲ್ಲೂಕಿನ ಹಿರೇಆವಲಿಯ ನಿಷಿಧಿಗಳನ್ನು ನೋಡಬೇಕು. 14, 15ನೇ ಶತಮಾನದವು, ವಿಜಯನಗರದ ಕಾಲ. ಒಂದೇ ಊರಿನಲ್ಲಿ ಸಾಲು ಸಾಲು. ಊರಿನ ಗೌಡರು, ಅವರ ಹೆಂಡತಿಯರು, ಮಕ್ಕಳು. ಯಾರ ಮಗ, ಯಾರ ಹೆಂಡತಿ, ಯಾವ ಗುರುಗಳ ಶಿಷ್ಯೆ, ಯಾವ ವರ್ಷ, ಯಾವ ತಿಥಿ ಅಂತ ಒಂದೊಂದಕ್ಕೂ ದಾಖಲೆ. ಒಂದು ಹಳ್ಳಿಯ ಜನ ತಲೆಮಾರುಗಳ ಕಾಲ ತಮ್ಮವರ ಸಾವನ್ನು ಹೀಗೆ ಹೆಸರು ಹಿಡಿದು ಬರೆದಿಟ್ಟ ಇನ್ನೊಂದು ಊರು ನಮ್ಮ ಸುತ್ತಮುತ್ತ ನನಗೆ ಕಂಡಿಲ್ಲ.

ನಿಷಿಧಿಯ ಚಿತ್ರವನ್ನು ವೀರಗಲ್ಲಿನ ಪಕ್ಕ ಇಟ್ಟು ನೋಡಿದರೆ ಸೊಗಸು. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಹೊಡೆದಾಟ. ಕತ್ತಿ, ಬಿಲ್ಲು, ಬಿದ್ದ ಹೆಣ, ಓಡುವ ದನ. ನಿಷಿಧಿಯಲ್ಲಿ ಆ ಜಾಗದಲ್ಲಿ ಒಬ್ಬ ಗುರು, ಎದುರಿಗೆ ಕೈಮುಗಿದು ಕೂತ ಸಾಯುವ ಮನುಷ್ಯ, ಇಬ್ಬರ ನಡುವೆ ಪುಸ್ತಕ ಇಡುವ ಠವಣೆ. ಗೂಡಿನಂತೆ ಕತ್ತರಿ ಹಾಕಿದ ಕಾಲುಗಳ ಪುಟ್ಟ ಪೀಠ ಅದು. ಹಾಸಿಗೆ ಇಲ್ಲ, ಔಷಧದ ಬಟ್ಟಲಿಲ್ಲ, ಅಳುವ ಜನ ಇಲ್ಲ. ಸಾಯುವವರು ಮಲಗಿಲ್ಲ, ಕೂತಿದ್ದಾರೆ, ಕೇಳುತ್ತಿದ್ದಾರೆ.

ಔಷಧ ಅಂದಾಗ ನೆನಪಾಯ್ತು. ಇವರೆಲ್ಲ ಆಸ್ಪತ್ರೆ ಇಲ್ಲದ ಕಾಲದವರು, ಬೇರೆ ದಾರಿ ಇರಲಿಲ್ಲ, ಅದಕ್ಕೇ ಹೀಗೆ ಅಂತ ಸುಲಭವಾಗಿ ಹೇಳಿಬಿಡಬೇಡಿ. ಇದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೋಡಿಯ ಮಠ ಇತ್ತು. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನ ಅದನ್ನು ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುವ ಜಾಗ, ಹಾಗೇ ಕುರುಡರು ಕುಂಟರು ದಿಕ್ಕಿಲ್ಲದವರಿಗೆ ಅನ್ನ ಹಾಕುವ ಜಾಗ, ರೋಗಿಗಳಿಗೆ ಔಷಧ ಕೊಡುವ ಜಾಗ. ಜಕ್ಕಿಯಬ್ಬೆಗಿಂತ ಎರಡೂವರೆ ಶತಮಾನ ಈಚಿನದು, ಆದರೂ ಈ ಸೀಮೆಗೆ ರೋಗಿಯ ಬಗ್ಗೆ ಇದ್ದ ಕಾಳಜಿ ಎಂಥದ್ದು ಅಂತ ಗೊತ್ತಾಗುತ್ತೆ.

ತಪ್ಪು ತಿಳಿಯಬೇಡಿ, ಕಾಯಿಲೆ ಬಂದವರು ಊಟ ಬಿಡಬೇಕು ಅಂತ ನಾನು ಹೇಳ್ತಿಲ್ಲ. ನಮ್ಮ ದೊಡ್ಡಮ್ಮ ಕೊನೆಯ ದಿನದ ತನಕ ಗಂಜಿ ಕುಡಿದರು, ನೋವಿನ ಮಾತ್ರೆ ತಗೊಂಡರು, ಮಾತ್ರೆ ತಡವಾದರೆ ನಮ್ಮನ್ನು ಬೈದರು. ಸಲ್ಲೇಖನ ಸರಿಯೋ ತಪ್ಪೋ ಅನ್ನುವ ವಾದ ಕೋರ್ಟಿನ ತನಕ ಹೋಗಿದೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಅದನ್ನು ಆತ್ಮಹತ್ಯೆಗೆ ಸಮ ಅಂದಿತು. ಅದೇ ತಿಂಗಳ 31ಕ್ಕೆ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಆ ಜಗಳಕ್ಕೆ ನಾನು ಹೋಗಲ್ಲ. ನನಗೆ ಬೇಕಾಗಿರೋದು ಜಕ್ಕಿಯಬ್ಬೆಯ ಉಪವಾಸಕ್ಕಿಂತ ಮುಂಚಿನ ಆ ಕೆಲವು ಕ್ರಿಯಾಪದಗಳು: ತಿಳಿದಳು, ತೀರ್ಮಾನಿಸಿದಳು, ಕರೆಸಿದಳು, ಒಪ್ಪಿಸಿದಳು.

ಅವು ಇವತ್ತಿನ ಕಾನೂನಿನಲ್ಲಿ ಬೇರೆ ರೂಪದಲ್ಲಿ ವಾಪಸ್ ಬಂದಿರುವುದು ಗಮನಿಸಿದ್ದೀರಾ? 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು, ವಾಸಿಯಾಗದ ಹಂತ ತಲುಪಿದರೆ ತನಗೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಹಕ್ಕನ್ನು ಒಪ್ಪಿತು. ಪತ್ರಿಕೆಗಳು ಅದಕ್ಕೆ 'ಜೀವಂತ ಉಯಿಲು' ಅಂತ ಹೆಸರಿಟ್ಟವು. ಮೊದಲು ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿಯಲ್ಲಿ ಸರಳ ಮಾಡಿದರು, ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಮಾತಾಡಲಾಗದ ಹಂತ ಬಂದರೆ ತನ್ನ ಪರವಾಗಿ ನಿರ್ಧರಿಸುವವರು ಯಾರು ಅಂತಲೂ ಅದರಲ್ಲಿ ಬರೆಯಬೇಕು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ನಮ್ಮ ಪಕ್ಕದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್. ಬಿ. ಕರಿಬಸಮ್ಮ ಗೌರವದಿಂದ ಸಾಯುವ ಹಕ್ಕಿಗಾಗಿ ವರ್ಷಗಟ್ಟಲೆ ಪತ್ರ ಬರೆಯುತ್ತಾ ಬಂದವರು. ಆ ಆದೇಶ ಬಂದಾಗ ಅವರ ಹೆಸರು ಪತ್ರಿಕೆಗಳಲ್ಲಿ ಬಂದಿತ್ತು. ಇನ್ನೊಬ್ಬ ಟೀಚರ್!

ದೊಡ್ಡಮ್ಮ ಹೋದದ್ದು 2022ರಲ್ಲಿ. ಆಗ ಇಲ್ಲಿ ಯಾರಿಗೂ ಇದರ ಸುದ್ದಿ ಇರಲಿಲ್ಲ. ಆದರೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇದೆ, 'ನನ್ನನ್ನು ಮತ್ತೆ ಆಸ್ಪತ್ರೆಗೆ ಒಯ್ಯುವುದು ಬೇಡ' ಅಂತ. ಕೆಳಗೆ ಸಹಿ, ತಾರೀಕು. ಅಕ್ಕಪಕ್ಕದ ಮನೆಯ ಇಬ್ಬರ ಸಹಿಯನ್ನೂ ಹಾಕಿಸಿದ್ದಾರೆ. ಸರ್ಕಾರಿ ನೌಕರಿ ಮಾಡಿದವರಿಗೆ ಸಾಕ್ಷಿ ಸಹಿ ಇಲ್ಲದ ಕಾಗದ ಕಾಗದವೇ ಅಲ್ಲ ನೋಡಿ.

ಬಂದಳಿಕೆಗೆ ಹೋಗುವವರು ಶಿರಾಳಕೊಪ್ಪದ ಕಡೆಯಿಂದ ಹೋಗಬಹುದು. ಶಾಂತಿನಾಥ ಬಸದಿ, ಸೋಮೇಶ್ವರ, ತ್ರಿಮೂರ್ತಿ ನಾರಾಯಣ ಗುಡಿ ಎಲ್ಲ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ನಾವು ಬೈಕಿನಲ್ಲಿ ಹೋದ ದಿನ ಪೂರ್ತಿ ಬಸದಿಗೆ ಬಂದವರು ನಾವಿಬ್ಬರೇ, ನಾನು ಮತ್ತು ದೊಡ್ಡಮ್ಮನ ಮಗಳು. ಜೊತೆಗೆ ರೈಸ್ ಸಂಪುಟದ ಆ ಪುಟಗಳನ್ನು ಪ್ರಿಂಟ್ ಹಾಕಿಸಿಕೊಂಡು ಹೋಗಿ, ಶಿಕಾರಿಪುರ 219 ಅಂತ ನಂಬರು. ಅಕ್ಕ ಬಸದಿಯ ಮೆಟ್ಟಿಲ ಮೇಲೆ ಕೂತು ಅದನ್ನು ಎರಡು ಸಲ ಓದಿದಳು. ಆಮೇಲೆ, ಮಗಳನ್ನು ಕರೆಸಿ ಒಪ್ಪಿಸಿದಳು ಅನ್ನುವ ಕಡೆ ಬೆರಳಿಟ್ಟು, "ಒಪ್ಪಿಸಿದ್ಮೇಲೆ ಆ ಹುಡುಗಿ ಎಂತ ಮಾಡಿದ್ಲು ಅಂತ ಯಾರೂ ಬರೀಲಿಲ್ವಲ್ಲೋ" ಅಂದಳು. ಅವಳ ಹತ್ತಿರ ಈಗ ಮೂರನೇ ನೋಟ್‌ಬುಕ್ ನಡೀತಿದೆ. ಅಡಿಕೆ ಲೆಕ್ಕವೇ ಜಾಸ್ತಿ.